ಮೋಡ ಕಟ್ಟಿದಾಗ ಉಪ್ಪು ಒದ್ದೆಯಾಗುವುದೇಕೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳು ಕೂತ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ, ಆಗಾಗ ಮಗ್ಗುಲು ಬದಲಿಸುತ್ತಿದ್ದವು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಆಕಾಶದಲ್ಲಿ ಒಂದೇ ಒಂದು ಮೋಡವೂ ಇರಲಿಲ್ಲ, ಮಳೆಯೆಂದರೆ ಏನೆಂದು ಯಾರಿಗೂ ತಿಳಿದಿರಲಿಲ್ಲ. ಮತ್ತೆ, ಆಗ ಕಲ್ಲುಗಳು ಮಾತಾಡುತ್ತಿದ್ದವು. ಈಗ ಯಾಕೆ ಮಾತಾಡುವುದಿಲ್ಲ ಎಂದು ಈಗಲೇ ಕೇಳಬೇಡ ಮಗು, ಅದೂ ಈ ಕಥೆಯಲ್ಲೇ ಬರುತ್ತದೆ.

ಆ ಕಾಲದಲ್ಲಿ ಹೊಳೆಯ ದಂಡೆಯ ಮೇಲೆ ಕೆಂಚವ್ವ ಎಂಬ ಮುದುಕಿ ಒಬ್ಬಳೇ ಇದ್ದಳು. ಲೋಕವೇ ಹೊಸದಾಗಿದ್ದಾಗ ಮುದುಕಿ ಎಲ್ಲಿಂದ ಬಂದಳು ಎನ್ನುತ್ತೀಯಾ? ಕೆಲವರು ಹುಟ್ಟುವಾಗಲೇ ಮುದುಕರು. ನಿನ್ನ ಪ್ರಶ್ನೆಗಳನ್ನು ಕೇಳಿದರೆ ನೀನೂ ಹಾಗೆಯೇ ಹುಟ್ಟಿರಬೇಕು.

ಕೆಂಚವ್ವನಿಗೆ ಒಂದು ಸಂಕಟವಿತ್ತು. ಗಾಳಿ ಕಲ್ಲುಗಳನ್ನು ಉಜ್ಜುತ್ತಿತ್ತು, ಹೊಳೆ ಉರುಳಿಸುತ್ತಿತ್ತು. ಇವತ್ತು ದಾರಿಯಲ್ಲಿ ಕಂಡು "ಆರಾಮ ಅದೀಯೇನ ಕೆಂಚವ್ವ" ಎಂದು ಮಾತಾಡಿಸಿದ ಹಸಿರು ಕಲ್ಲು ನಾಳೆ ಹೋಗಿ ನೋಡಿದರೆ ಮರಳಾಗಿರುತ್ತಿತ್ತು. ಮರಳಿಗೆ ತಾನು ಏನಾಗಿದ್ದೆ ಎಂಬುದು ನೆನಪಿರುತ್ತಿರಲಿಲ್ಲ. ಹೀಗೇ ಬಿಟ್ಟರೆ ಒಂದು ದಿನ ಲೋಕದ ತುಂಬ ಬರೀ ಮರಳು ಉಳಿಯುತ್ತದೆ, ಯಾವ ಕಲ್ಲು ಹೇಗಿತ್ತು ಎಂದು ಹೇಳಲು ಗುರುತೇ ಇರುವುದಿಲ್ಲ ಎಂದು ಅವಳಿಗೆ ಅಂಜಿಕೆ. ಅದಕ್ಕೇ ಬಗೆಗೊಂದು ಕಲ್ಲು ಆರಿಸಿ ತಂದು ಮನೆಯಲ್ಲಿಟ್ಟು ಕಾಪಾಡುತ್ತಿದ್ದಳು.

ಶುರುವಾದದ್ದು ಒಂದೇ ಕಲ್ಲಿನಿಂದ. ಒಂದು ದಿನ ಹಿತ್ತಲು ಅಗೆಯುವಾಗ ಕೆಸರು ಮೆತ್ತಿದ ಗಡ್ಡೆಯೊಂದು ಸಿಕ್ಕಿತು. ಗೆಣಸು ಇರಬೇಕೆಂದು ಹೊಳೆಗೆ ಒಯ್ದು ತೊಳೆದಳು. ಕೆಸರು ಬಿಟ್ಟಿತು, ಒಳಗಿನಿಂದ ದಾಳಿಂಬೆ ಕಾಳಿನ ಬಣ್ಣದ ಹರಳು ಹೊರಗೆ ಬಂತು.

"ಈಗ ಕಣ್ಣು ಬಿಟ್ಟೆ ನೋಡು, ಕೆಂಚವ್ವ," ಎಂದಿತು.

ಅವತ್ತಿನಿಂದ ಅವಳಿಗೆ ನೀರಿನ ಮೇಲೆ ಭಾರೀ ನಂಬಿಕೆ. ಕಲ್ಲಿಗೆ ಕಣ್ಣು ಬರಬೇಕಾದರೆ ನೀರು ಕಾಣಿಸಬೇಕು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಉಳಿದದ್ದನ್ನೆಲ್ಲ ಅವಳು ತಪ್ಪು ಮಾಡಿ ಮಾಡಿ ಕಲಿತಳು. ನೇರಳೆ ಹರಳನ್ನು ಬಿಸಿಲಿಗೆ ಒಣಹಾಕಿದಳು, ಅದರ ಬಣ್ಣ ಬಿಳಿಚಿ ಹೋಯಿತು. ಅಂದಿನಿಂದ ನೆರಳಲ್ಲೇ ಒಣಗಿಸಿದಳು. ಕಾಗೆಬಂಗಾರವನ್ನು ಈಚಲ ಪೊರಕೆಯಿಂದ ಉಜ್ಜಿದಳು, ಅದು ಈರುಳ್ಳಿಯ ಹಾಗೆ ಪದರು ಪದರಾಗಿ ಎದ್ದು ಬಂತು. ಅಂದಿನಿಂದ ಅಳಿಲಿನ ಕಾಲು ಹಿಡಿದು, ಅದರ ಬಾಲದ ನಾಲ್ಕು ಕೂದಲು ತಂದು ಕುಂಚ ಕಟ್ಟಿದಳು. ಎಲ್ಲ ಕಲ್ಲುಗಳನ್ನೂ ಒಂದೇ ಬುಟ್ಟಿಯಲ್ಲಿ ಹಾಕಿಟ್ಟಾಗ ಗಟ್ಟಿ ಕಲ್ಲು ಪಕ್ಕದ ಬಳಪದ ಕಲ್ಲಿನ ಮೈಯೆಲ್ಲ ಗೀರಿಬಿಟ್ಟಿತು. ಆಮೇಲೆ ಒಂದೊಂದಕ್ಕೂ ಬೇರೆ ಬಟ್ಟೆ, ಬೇರೆ ಗಡಿಗೆ. ಒಡೆದ ಚೂರುಗಳನ್ನೂ ಅವಳು ಎಸೆಯಲಿಲ್ಲ. ಅವಕ್ಕೆಂದೇ ಮೂಲೆಯಲ್ಲಿ ಒಂದು ಬುಟ್ಟಿ ಇತ್ತು. ಒಡೆದರೇನು, ಚೂರಾದರೂ ಉಳಿಯುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ತಪ್ಪು ತಿದ್ದಿಕೊಳ್ಳಲು ಕೆಂಚವ್ವನಿಗೆ ಎಂದೂ ನಾಚಿಕೆಯಿರಲಿಲ್ಲ. ನೀರಿನ ವಿಷಯ ಒಂದನ್ನು ಬಿಟ್ಟು.

ಅವಳದೊಂದು ಪದ್ಧತಿ ಇತ್ತು. ಕಲ್ಲು ಎತ್ತಿಕೊಂಡ ಜಾಗದ ಒಂದು ಚಿಟಿಕೆ ಮಣ್ಣನ್ನು ಬಟ್ಟೆಯ ತುದಿಗೆ ಗಂಟು ಹಾಕುವಳು. ಹುಟ್ಟಿದ ನೆಲ ಮರೆತ ಕಲ್ಲು ಕಲ್ಲಲ್ಲ, ಬರೀ ಭಾರ ಎನ್ನುವಳು. ಮನೆಗೆ ತಂದು ಹೊಳೆಯಲ್ಲಿ ಮೀಯಿಸುವಳು. ನೆರಳಲ್ಲಿ ಒಣಗಿಸಿ, ಮಡಿಲಲ್ಲಿ ಹಾಕಿಕೊಂಡು, ಕೂಸಿಗೆ ಹೆಸರಿಡುವ ಹಾಗೆ ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿ ಗಡಿಗೆಯಲ್ಲಿ ಮಲಗಿಸುವಳು. ಕಲ್ಲಿಗೆ ಕಿವಿ ಎಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಮೀಯಿಸದೆ ಹೆಸರಿಲ್ಲ, ಹೆಸರಿಲ್ಲದೆ ಗಡಿಗೆಯಿಲ್ಲ. ಅದು ಅವಳ ಕಟ್ಟಳೆ.

ಒಂದು ಸಲ ಅವಳು ಮೂರು ದಿನದ ದಾರಿ ನಡೆದು, ಹೊಳೆಯ ಸಪ್ಪಳವೂ ಮುಟ್ಟದ ಒಂದು ಒಣ ಬೆಟ್ಟಕ್ಕೆ ಹೋದಳು. ಅಲ್ಲಿ ಬಿರುಕಿನ ಒಳಗೆ, ಹುಟ್ಟಿದಾಗಿನಿಂದ ಒಂದು ಹನಿ ನೀರು ಕಾಣದ ಕತ್ತಲಲ್ಲಿ, ಬೆಳ್ಳಗಿನ ಕಲ್ಲೊಂದು ಕೂತಿತ್ತು. ಹಿಡಿಯಷ್ಟು ದೊಡ್ಡದು. ಎಲ್ಲ ಕಡೆಯೂ ಚೌಕ, ಎಲ್ಲ ಮೂಲೆಯೂ ನೆಟ್ಟಗೆ. ಈಚೆಯಿಂದ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತಿಳಿ. ಕೆಂಚವ್ವ ಕೈ ಚಾಚಿದಳು.

"ಯವ್ವಾ, ಬಂದ್ಯಾ?" ಎಂದಿತು ಕಲ್ಲು.

ಕೆಂಚವ್ವನ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಅರವತ್ತು ಗಡಿಗೆ ಇದ್ದವು, ಅರವತ್ತು ಕಲ್ಲುಗಳು ಅವಳನ್ನು ಮರ್ಯಾದೆಯಿಂದ ಕೆಂಚವ್ವ ಎನ್ನುತ್ತಿದ್ದವು. ಯವ್ವಾ ಎಂದು ಯಾರೂ ಕರೆದಿರಲಿಲ್ಲ. ತನಗೆ ಅದು ಬೇಕಾಗಿತ್ತೆಂದು ಅವಳಿಗೂ ಆವರೆಗೆ ಗೊತ್ತಿರಲಿಲ್ಲ.

"ನಿನ್ನಂಥವು ಇಲ್ಲಿ ಇನ್ನ ಎಷ್ಟದಾವ, ಕೂಸ?" ಎಂದು ಕೇಳಿದಳು.

"ಯಾರೂ ಇಲ್ಲ. ನಾ ಒಂದ."

ಬಿರುಕನ್ನೆಲ್ಲ ಹುಡುಕಿದಳು, ಬೆಟ್ಟವನ್ನು ಸುತ್ತಿದಳು. ನಿಜವಾಗಿಯೂ ಬೇರೆ ಇರಲಿಲ್ಲ. ಲೋಕದಲ್ಲಿ ಆ ಬಗೆಯದು ಅದೊಂದೇ. ಕೆಂಚವ್ವ ಬೆಟ್ಟದ ಮಣ್ಣನ್ನು ಬಟ್ಟೆಯ ತುದಿಗೆ ಗಂಟು ಕಟ್ಟಿ, ಕಲ್ಲನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಹಿಂದಿರುಗಿದಳು.

ಮೂರು ದಿನವೂ ಅದು ಮಾತಾಡಿತು. ಅದೇನು, ಇದೇನು, ಹಕ್ಕಿ ಯಾಕೆ ಕೆಳಗೆ ಬೀಳುವುದಿಲ್ಲ, ನಿನ್ನ ಕಾಲು ಯಾಕೆ ಒಡೆದಿದೆ. ಕೆಂಚವ್ವ ದಣಿವಿಲ್ಲದೆ ಉತ್ತರ ಕೊಟ್ಟಳು. ನಡುನಡುವೆ ಅದನ್ನು ಎತ್ತಿ ಮುದ್ದಿಸಿದಳು. ಮುದ್ದಿಸಿದ ಬಾಯಲ್ಲೇ ಅಂಬಲಿ ಕುಡಿದಾಗ, ಹುಟ್ಟಿದಾಗಿನಿಂದ ಸಪ್ಪಗಿದ್ದ ಅಂಬಲಿ ಅವತ್ತು ರುಚಿಯಾಗಿತ್ತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಸಂತೋಷಕ್ಕೆ ಹಾಗಾಗಿರಬೇಕು ಎಂದುಕೊಂಡಳು.

ಮನೆ ಹತ್ತಿರವಾಯಿತು. ಹೊಳೆಯ ಸಪ್ಪಳ ಕೇಳಿಸಿತು. 

"ಯವ್ವಾ, ಅದೇನು?"

"ನೀರು, ಕೂಸ. ನಾಳೆ ನಿನಗ ಎರೀತೀನಿ. ಆಮ್ಯಾಲೆ ಚಂದದ ಹೆಸರಿಡ್ತೀನಿ."

"ಬ್ಯಾಡ ಯವ್ವಾ. ನನ್ನ ಅಲ್ಲಿಗೆ ಒಯ್ಯಬ್ಯಾಡ."

"ಯಾಕ?"

"ಗೊತ್ತಿಲ್ಲ. ಅದರ ಸಪ್ಪಳಕ್ಕ ನನ್ನ ಮೂಲಿ ಎಲ್ಲಾ ಜುಮ್ ಅಂತಾವ."

ಕೆಂಚವ್ವ ನಕ್ಕಳು. ಎರೆದುಕೊಳ್ಳಲು ಅಳದ ಕೂಸು ಯಾವುದಿದೆ? ನೀನೂ ಬಚ್ಚಲಿನ ಬಾಗಿಲು ಹಿಡಿದುಕೊಂಡು ಊರು ಒಂದು ಮಾಡುತ್ತಿದ್ದೆ.

ಬೆಳಗಾಯಿತು. ಕೆಂಚವ್ವ ಕುಂಚ ತೆಗೆದುಕೊಂಡು ಹೊರಟಾಗ, ಬಾಗಿಲ ಪಕ್ಕದ ಗಡಿಗೆಯಿಂದ ಕಬ್ಬಿಣದ ಕಲ್ಲು ಕೆಮ್ಮಿತು. ಅದರದು ಮಾತು ಕಡಿಮೆ, ಆದರೆ ಆಡಿದರೆ ತೂಕದ ಮಾತು.

"ಕೆಂಚವ್ವ, ನನ್ನೂ ನೀ ಹಿಂಗ ತೊಳದಿದ್ದಿ. ಅವತ್ತಿನಿಂದ ನನ್ನ ಮೈ ತುಕ್ಕು ಹಿಡದೈತಿ. ಆ ಕೂಸು ಒಲ್ಲೆ ಅಂದ್ರ ಬಿಡಬಾರದ?"

"ನಿಂದು ಯಾವಾಗಲೂ ಒಂದು ತಕರಾರು," ಎಂದಳು ಕೆಂಚವ್ವ. "ಹೊಲಸು ಮೈಯಾಗ ಹೆಸರಿಡ್ಲಿ ಏನು? ನನ್ನ ಮನಿಯಾಗ ಅರವತ್ತಕ್ಕೂ ಒಂದ ಕಟ್ಟಳಿ."

ಅರವತ್ತು ಗಡಿಗೆಗಳೂ ಕೇಳುತ್ತಿದ್ದವು. ಕೆಂಚವ್ವನ ಹಟ ಅವಕ್ಕೆ ಗೊತ್ತಿತ್ತು.

ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಕೂತು, ಕೆಂಚವ್ವ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಳುಗಿಸಿದಳು. ಕಲ್ಲು ಚೀರಿತು. "ಆತು, ಆತು, ಇನ್ನೊಂದೀಟು," ಎನ್ನುತ್ತ ಉಜ್ಜಿದಳು. ಕೈಗೆ ಜಾರುಜಾರಾಗಿ ಹತ್ತಿತು. ಹೊಲಸು ಬಿಡುತ್ತಿದೆ ಎಂದುಕೊಂಡಳು. ಮೂಲೆಗಳು ನುಣ್ಣಗಾದವು. ಹೊಳಪು ಬರುತ್ತಿದೆ ಎಂದುಕೊಂಡಳು.

"ಕೆಂಚವ್ವ," ಎಂದಿತು ಹೊಳೆ. "ಕೈ ತಗಿ. ಏನೋ ನನ್ನೊಳಗ ಬರಾಕತ್ತೈತಿ."

"ಬರ್ಲಿ ಬಿಡು, ಬೆಟ್ಟದ ಧೂಳದು," ಎಂದಳು, ಇನ್ನೂ ಒಂದು ಸಲ ಮುಳುಗಿಸಿದಳು.

ಅಳು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಆಮೇಲೆ ನಿಂತಿತು. ನೋಡಿದೆಯಾ, ರೂಢಿಯಾಯಿತು, ಎಲ್ಲ ಕೂಸುಗಳೂ ಹೀಗೇ, ಎಂದು ಕೆಂಚವ್ವನಿಗೆ ಸಮಾಧಾನವಾಯಿತು. ಯಾವ ಹೆಸರಿಡಲಿ ಎಂದು ಯೋಚಿಸುತ್ತ ಕೈಗಳನ್ನು ಮೇಲೆತ್ತಿ ಬಿಡಿಸಿದಳು.

ಅಂಗೈಯಲ್ಲಿ ಅವಳ ಅಂಗೈಯ ಗೆರೆಗಳು ಮಾತ್ರ ಇದ್ದವು.

ಜಾರಿ ಬಿದ್ದಿರಬೇಕೆಂದು ತಡಕಾಡಿದಳು. ಹೊಳೆಯ ತಳದ ಕಲ್ಲುಗಳನ್ನೆಲ್ಲ ಎತ್ತಿ ಎತ್ತಿ ನೋಡಿದಳು. ಚೂರಾದರೂ ಇರಬೇಕು. ಒಡೆದದ್ದಕ್ಕೆ ಚೂರು ಉಳಿಯಲೇಬೇಕು, ಅವಳು ಕಂಡ ಲೋಕದಲ್ಲಿ ಹಾಗೇ ಇತ್ತು. ಮಧ್ಯಾಹ್ನದವರೆಗೆ ಹುಡುಕಿದಳು. ಚೂರಿರಲಿಲ್ಲ. ಮರಳೂ ಇರಲಿಲ್ಲ.

"ನನ್ನ ಕೂಸು ಕೊಡು," ಎಂದಳು ಹೊಳೆಗೆ.

"ನಾ ಕಸಗೊಂಡಿಲ್ಲ ಕೆಂಚವ್ವ. ನೀನ ಕೊಟ್ಟಿ."

"ಎಲ್ಲೈತಿ ಹೇಳು."

"ನನ್ನೊಳಗ ಐತಿ. ಯಾವ ನೀರಾಗ ಐತಿ ಅನ್ನೂದು ನನಗೂ ತಿಳೀವಲ್ದು. ನಾ ನಿಂತಾಕಿ ಅಲ್ಲ, ಹರಿಯಾಕಿ."

ಕೆಂಚವ್ವ ಮುಖ ಮುಚ್ಚಿಕೊಂಡು ಅತ್ತಳು. ಒದ್ದೆ ಕೈ ತುಟಿಗೆ ತಾಗಿತು. ನಾಲಿಗೆಗೆ ಮೂರು ದಿನದ ಹಿಂದಿನ ರುಚಿ ಹತ್ತಿತು, ಮುದ್ದಿಸಿದಾಗಿನ ರುಚಿ. ಅವಳು ಅಳು ನಿಲ್ಲಿಸಿದಳು. ಬಗ್ಗಿ ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದಳು. ಸ್ವಲ್ಪ, ಬಹಳ ಸ್ವಲ್ಪ, ಅದೇ ರುಚಿ ಇತ್ತು.

ಮಣ್ಣಿನ ಗಂಟಿದ್ದ ಖಾಲಿ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆಯ ಗುಂಟ ನಡೆದಳು. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ನೀರು ಕುಡಿದಳು. ಮೊದಲನೆಯ ತಿರುವಿನಲ್ಲಿ ರುಚಿ ಇತ್ತು. ಎರಡನೆಯ ತಿರುವಿನಲ್ಲಿ ಇದೆಯೋ ಇಲ್ಲವೋ ಎಂಬಷ್ಟು. ಆಮೇಲೆ ಇರಲಿಲ್ಲ. ಇಲ್ಲದಿದ್ದರೂ ಕುಡಿಯುತ್ತಲೇ ನಡೆದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಈಗ ನಾವು ತಪ್ಪು ಮಾಡಿದವರಿಗೆ ಹೇಳುತ್ತೇವಲ್ಲ, ಅವಳು ಒಂದು ಹೊಳೆಯನ್ನೇ ಕುಡಿದಳು.

ಹೊಳೆ ಮುಗಿಯುವಲ್ಲಿ ಕಡಲು ಇತ್ತು. ಒಂದು ಹಿಡಿ ಕಲ್ಲಿನಿಂದ ಅಷ್ಟು ದೊಡ್ಡ ಕಡಲಿಗೆ ರುಚಿ ಬರುತ್ತದಾ ಎಂದು ಕೇಳಬೇಡ. ಕಡಲೂ ಆಗ ಸಣ್ಣದು, ಆಟದ ವಯಸ್ಸು. ಅದು ಮುಖ ಕಿವಿಚಿಕೊಂಡು ಕೂತಿತ್ತು.

"ಆಯಿ, ನಿನ್ನ ಹೊಳಿ ನನಗ ಏನೋ ಕುಡಿಸ್ತು," ಎಂದಿತು ಕಡಲು. "ನನ್ನ ಬಾಯಿ ಒಂಥರಾ ಆಗೈತಿ. ಯಾರೋ ಒಳಗ ಅಳಾಕತ್ತಾರ."

ಕೆಂಚವ್ವ ಒಂದು ಬೊಗಸೆ ಕುಡಿದಳು. ಅದೇ ರುಚಿ.

"ಅದು ನನ್ನ ಕೂಸು. ತಿರುಗಿ ಕೊಡಪ್ಪಾ."

"ಕೊಡಾಕ ನಾ ತಯಾರ ಅದೀನಿ. ಹೆಂಗ ಕೊಡ್ಲಿ ಆಯಿ? ಎಲ್ಲಾ ನನ್ನೊಳಗ ಕೂಡಿ ಹೋಗೈತಿ. ಯಾವುದು ಅದು, ಯಾವುದು ನಾ, ನನಗ ತಿಳೀವಲ್ದು."

ಮೇಲಿನಿಂದ ಸೂರ್ಯ ಎಲ್ಲವನ್ನೂ ನೋಡುತ್ತಿದ್ದ. ಅವನಿಗೂ ಕರುಳು ಚುರುಕ್ ಎಂದಿತು.

"ತಂಗಿ," ಎಂದ, "ನಾ ನೀರಷ್ಟ ಎತ್ತಿಕೋತೀನಿ. ಉಳದದ್ದು ನಿಂದು. ಆದ್ರ ಒಂದು ಮಾತು. ಎತ್ತಿದ ನೀರು ಮ್ಯಾಲೆ ಇಟ್ಟುಕೊಳ್ಳಾಕ ನನ್ನ ಕಡೆ ಜಾಗ ಇಲ್ಲ. ಗಾಳಿ ಕೈಯಾಗ ಕೊಡ್ತೀನಿ. ಅಂವ ಅದನ್ನ ಒಂದಿನ ತಿರುಗಿ ಕೆಳಗ ಬಿಡ್ತಾನ. ಅದು ನಿನ್ನ ಮನೀತನಕ ಬರ್ತೈತಿ. ವರ್ಷಾ ವರ್ಷಾ ಬರ್ತೈತಿ. ಒಪ್ಪತೀಯೇನು?"

ಒಪ್ಪದೆ ಏನು ಮಾಡುತ್ತಾಳೆ? ಕೆಂಚವ್ವ ದಂಡೆಯಲ್ಲಿ ಕೈಯಿಂದಲೇ ಮಣ್ಣು ತೋಡಿ ಆಳವಿಲ್ಲದ ಪಾತಿ ಮಾಡಿದಳು, ಸುತ್ತ ಬದು ಹಾಕಿದಳು. ಕಡಲು ಒಂದು ತೆರೆ ತಂದು ಅದರಲ್ಲಿ ಸುರಿದು ಹಿಂದೆ ಸರಿಯಿತು. ಸೂರ್ಯ ನೀರನ್ನು ಎತ್ತತೊಡಗಿದ. ಕೆಂಚವ್ವ ಪಾತಿಯ ಬದಿಯಲ್ಲಿ ಕೂತಳು. ದಿನಗಳು ಹೋದವು. ಅವಳು ಉಂಡಳೋ ಇಲ್ಲವೋ, ಕಥೆ ಹೇಳಿದವರು ನನಗೆ ಹೇಳಿಲ್ಲ.

ಕೊನೆಗೆ ಒಂದು ಸಂಜೆ ಪಾತಿಯ ಅಂಚಿನಲ್ಲಿ ಬೆಳ್ಳಗೆ ಏನೋ ಕಂಡಿತು. ಹಿಡಿಯಷ್ಟು ದೊಡ್ಡ ಚೌಕ ಕಲ್ಲಲ್ಲ. ಕಾಳು ಕಾಳು, ಸಾವಿರ ಕಾಳು. ಒಂದನ್ನು ಉಗುರಿನ ಮೇಲೆ ಎತ್ತಿ ಕಣ್ಣ ಹತ್ತಿರ ಹಿಡಿದಳು. ಅದಕ್ಕೂ ಚೌಕ ಮೂಲೆಗಳಿದ್ದವು. ಅದೇ ತಿಳಿ, ಅದೇ ಮುಖ, ಅಷ್ಟೇ ಸಣ್ಣದು.

"ಕೂಸ, ನಾನು. ಗುರುತು ಸಿಕ್ತಾ?"

"ಯಾರು?" ಎಂದಿತು ಕಾಳು.

ಇನ್ನೊಂದನ್ನು ಎತ್ತಿದಳು. ಅದೂ ಯಾರು ಎಂದಿತು. ಮಣ್ಣಿನ ಗಂಟು ಬಿಚ್ಚಿ ತೋರಿಸಿದಳು, ನೀ ಹುಟ್ಟಿದ ಬೆಟ್ಟ ಇದು ನೋಡು ಎಂದಳು. ಯಾವುದಕ್ಕೂ ಬೆಟ್ಟದ ನೆನಪಿರಲಿಲ್ಲ. ಹಕ್ಕಿಯ ನೆನಪಿರಲಿಲ್ಲ. ಯವ್ವಾ ಎಂಬ ಮಾತಿನ ನೆನಪಿರಲಿಲ್ಲ. ಕೆಂಚವ್ವನ ಕಣ್ಣಿನಿಂದ ಒಂದು ಹನಿ ಜಾರಿ ಪಾತಿಗೆ ಬಿತ್ತು.

"ನೀರು ಬಂತು," ಎಂದು ಸಾವಿರ ಕಾಳುಗಳೂ ಒಟ್ಟಿಗೆ ಚೀರಿದವು. ಹನಿ ಬಿದ್ದಲ್ಲಿ ಐದಾರು ಕಾಳು ಕಾಣಲಿಲ್ಲ. ಅವಕ್ಕೆ ನೆನಪಿದ್ದದ್ದು ಅದೊಂದೇ, ನೀರಿನ ಹೆದರಿಕೆ.

ಕೆಂಚವ್ವ ಸೆರಗಿನಿಂದ ಕಣ್ಣು ಒತ್ತಿ ಒರೆಸಿದಳು. ಕೈಗಳನ್ನು ಒರೆಸಿದಳು, ಬೆರಳ ಸಂದುಗಳನ್ನೂ ಬಿಡದೆ. ಅತ್ತರೆ ಕೂಸು ಕರಗುತ್ತದೆ. ಅಳಲಿಕ್ಕೂ ಇಲ್ಲ ಎಂದಾದ ಮೇಲೆ ದುಃಖ ಎಲ್ಲಿ ಹೋಗುತ್ತದೆ ಮಗು? ಅದು ಒಳಗೇ ಉಳಿಯುತ್ತದೆ. ಕಾಳುಗಳನ್ನು ಒಣಗಿದ ಕೈಯಿಂದ ಬಳಿದು ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಯ ದಾರಿ ಹಿಡಿದಳು. ಹೊಳೆಯಿಂದ ದೂರ, ಬೆಟ್ಟದ ಮೇಲಿನಿಂದ ಸುತ್ತಿ ಬಂದಳು.

ಮನೆಯಲ್ಲಿ ಮೊಟ್ಟಮೊದಲ ಸಲ ಕಟ್ಟಳೆ ಮುರಿದಳು. ತೊಳೆಯಲಿಲ್ಲ. ಕುಂಚ ಮುಟ್ಟಲಿಲ್ಲ. ಒಣ ಭರಣಿಯಲ್ಲಿ ಕಾಳುಗಳನ್ನು ಸುರಿದು, ಮಡಿಲಲ್ಲಿಟ್ಟುಕೊಂಡು, ಕಿವಿ ಎಲ್ಲಿದೆಯೆಂದು ತಿಳಿಯದೆ ಭರಣಿಯ ಬಾಯಿಗೇ ಬಾಯಿಟ್ಟು ಹೆಸರು ಹೇಳಿದಳು.

"ಕುರ್ರ್. ಉಪ್ಪು."

ಯಾವ ಕಾಳೂ ಓಗೊಡಲಿಲ್ಲ. ಹೆಸರಿಟ್ಟಾಗ ಓಗೊಡುವುದು ಇರಲಿ, ಕಣ್ಣೂ ಬಿಡದ ಕೂಸಿನ ಹಾಗೆ ಇದ್ದವು. ಭರಣಿಯನ್ನು ನೀರಿನ ಗಡಿಗೆಯಿಂದ ದೂರ, ಒಲೆಯ ಮೇಲಿನ ಗೂಡಿನಲ್ಲಿ ಬೆಚ್ಚಗೆ ಇಟ್ಟಳು.

ಆಮೇಲೆ ಉಳಿದ ಗಡಿಗೆಗಳ ಕಡೆ ತಿರುಗಿದಳು. "ನಾ ಬಂದೆ," ಎಂದಳು. ಯಾವುದೂ ಮಾತಾಡಲಿಲ್ಲ. ಕೆಂಪು ಹರಳು ಮಾತಾಡಲಿಲ್ಲ, ಬಳಪದ ಕಲ್ಲು ಮಾತಾಡಲಿಲ್ಲ. ಕಬ್ಬಿಣದ ಕಲ್ಲಿನ ಮುಂದೆ ಹೋಗಿ, "ನಿನ್ನ ಮಾತು ಕೇಳಬೇಕಿತ್ತು, ತಪ್ಪಾತು," ಎಂದು ಕೈ ಮುಗಿದಳು. ಅದೂ ಸುಮ್ಮನಿತ್ತು. ಬ್ಯಾಡ ಎಂದರೂ ಕೇಳದವರ ಹತ್ತಿರ ಮಾತಾಡಿ ಏನು ಫಲ ಎಂದು ಕಲ್ಲುಗಳೆಲ್ಲ ಅವತ್ತೇ ಬಾಯಿ ಮುಚ್ಚಿದ್ದವು. ಈವರೆಗೂ ತೆರೆದಿಲ್ಲ.

ಸೂರ್ಯ ಹೇಳಿದ ದಿನ ಬಂತು. ಗಾಳಿ ಆ ನೀರನ್ನೆಲ್ಲ ಹೊತ್ತು ತಂದ. ಲೋಕದ ಮೊದಲ ಮೋಡ ಕೆಂಚವ್ವನ ಮಾಡಿನ ಮೇಲೆ ಕಪ್ಪಗೆ ನಿಂತಿತು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಆಗಲೇ ಗೂಡಿನಿಂದ ಸಣ್ಣ ಅಳು ಕೇಳಿಸಿತು. ಕೆಂಚವ್ವ ಓಡಿ ಹೋಗಿ ಭರಣಿಯ ಮುಚ್ಚಳ ತೆಗೆದಳು.

ಉಪ್ಪು ಒದ್ದೆಯಾಗಿತ್ತು. ಕಾಳುಗಳು ಬಿಡಿಬಿಡಿಯಾಗಿ ಇರಲಿಲ್ಲ. ನೀರು ಬರುತ್ತದೆಂದು ಹೆದರಿ, ಅತ್ತು ಅತ್ತು, ಒಂದನ್ನೊಂದು ಅಪ್ಪಿಕೊಂಡು ಗಟ್ಟಿ ಗಡ್ಡೆಯಾಗಿದ್ದವು. ಬೆಟ್ಟದ ಬಿರುಕಿನಲ್ಲಿ ಒಂದೇ ಆಗಿದ್ದಾಗ ಇದ್ದ ಹಾಗೆ ಮತ್ತೆ ಒಂದಾಗಲು ನೋಡುತ್ತಿದ್ದವು.

ಅದನ್ನು ಎತ್ತಿ ಎದೆಗೆ ಒತ್ತಿಕೊಳ್ಳಬೇಕೆಂದು ಕೆಂಚವ್ವನಿಗೆ ಆಸೆಯಾಯಿತು. ಅವಳ ಅಂಗೈ ಬೆವೆತಿತ್ತು. ಮುಟ್ಟಲಿಲ್ಲ. ಮುಚ್ಚಳ ಹಾಕಿ, ಭರಣಿಯನ್ನು ಮಡಿಲಲ್ಲಿಟ್ಟುಕೊಂಡು, ಮಳೆ ನಿಲ್ಲುವವರೆಗೂ ಒಲೆಯ ಮುಂದೆ ಕೂತಳು. ಅಳಲಿಲ್ಲ. ಹೊರಗೆ ಅವಳ ಪಾಲಿನದನ್ನೂ ಆಕಾಶವೇ ಅತ್ತಿತು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಮೊದಲು ಹೇಳಿದವರಿಗೆ ಕೆಂಚವ್ವನ ಸುದ್ದಿ ಗೊತ್ತಿತ್ತೋ ಏನೋ.

ಅದಕ್ಕೇ ಮಗು, ಆಷಾಢದಲ್ಲಿ ಮೋಡ ಕಟ್ಟಿದ ದಿನ ನಮ್ಮ ಮನೆಯ ಭರಣಿಯಲ್ಲೂ ಉಪ್ಪು ಒದ್ದೆಯಾಗಿ ಗಡ್ಡೆ ಕಟ್ಟಿರುತ್ತದೆ. ಅದಕ್ಕೇ ನೀನು ಉಪ್ಪಿಗೆ ಕೈ ಹಾಕಲು ಹೋದಾಗೆಲ್ಲ ನಿನ್ನ ಅವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, ಕೈ ಒರೆಸಿಕೊಂಡು ಮುಟ್ಟು ಎನ್ನುತ್ತಾಳೆ.